ಪೀಪಾಯಿಯ ಹಿಂದಿನ ಕೊಂಬೆ

ದುಬ್ರಾವಾ
ಫೆಬ್ರವರಿ 15, 1982

ಮಗಳೇ ಕೊಸ್ತಾದಿಂಕಾ,

ಡ್ಯಾನ್ಯೂಬ್ ನದಿಯಿಂದ ಹಿಡಿದು ಸಮುದ್ರದ ದಂಡೆಯವರೆಗೆ, ಗಿಡದ ಪಕ್ಕ ನಿಂತು ಒಮ್ಮೆ ಗಂಟಲು ಸರಿಮಾಡಿಕೊಂಡರೆ ಸಾಕು ಗುಲಾಬಿಯ ರೋಗ ವಾಸಿಯಾಗುವಂಥ ಮನುಷ್ಯ ನಾನೊಬ್ಬನೇ ಎಂಬುದು ನಿನಗೆ ಗೊತ್ತೇ ಇದೆ. ಹೋದ ವರ್ಷ ಪ್ಯಾರಿಸ್ಸಿನ ಅತ್ತರಿನವರು ನನ್ನನ್ನು ಕರೆದೊಯ್ಯಲು ಒಂದು ರೈಲನ್ನೇ ಕಳಿಸಿದ್ದರು. ಬೋಗಿಯೊಳಗೆ ಕಲ್ಲಿದ್ದಲಿನ ವಾಸನೆ ಇದ್ದುದರಿಂದ ನಾನೇ ವಾಪಸ್ಸು ಕಳಿಸಿದೆ. ಈ ಹಳೆಯ ಸಂಗತಿಯನ್ನು ಈಗ ಯಾಕೆ ಎತ್ತಿದೆ ಎಂದರೆ, ನಿನ್ನ ಅಮ್ಮನ ಗುಲಾಬಿ ಗಿಡದ ಬಗ್ಗೆ ನೀನು ಆಸ್ಪತ್ರೆಯ ಮಂಚದಲ್ಲಿ ಮಲಗಿ ಚಿಂತೆ ಮಾಡಬೇಕಾಗಿಲ್ಲ. ಅದು ಈಗ ನನ್ನ ಕೈಯಲ್ಲಿದೆ.

ನಿನ್ನೆ ತ್ರಿಫೊನ್ ಸಂತನ ದಿನ. ಊರವರೆಲ್ಲ ದ್ರಾಕ್ಷಿ ತೋಟಕ್ಕೆ ಹೋಗಿ ಬಳ್ಳಿ ಸವರಿ, ಕತ್ತರಿಸಿದ ಕಡೆಗೆಲ್ಲ ವೈನ್ ಹೊಯ್ದು ಬಂದೆವು. ಈ ವರ್ಷದ ದ್ರಾಕ್ಷಿ ರಾಜನ ಕಿರೀಟ ನಿಮ್ಮ ಪಕ್ಕದ ಮನೆಯ ಗೆಂಚೊನ ತಲೆಗೆ ಹೋಯಿತು. ನನಗೇ ಬರಬೇಕಿತ್ತು, ನನ್ನ ತಲೆ ದೊಡ್ಡದಾದ್ದರಿಂದ ಕಿರೀಟ ಹಿಡಿಸಲಿಲ್ಲ. ಮರಳಿ ಬರುವಾಗ ನಿಮ್ಮ ಅಂಗಳಕ್ಕೆ ಇಣುಕಿದೆ. ಅಕ್ಕ ಬಿಟ್ಟುಹೋದ ಗುಲಾಬಿ ಹಿತ್ತಲ ಅಡುಗೆಮನೆಯ ಗೋಡೆಗೆ ಒರಗಿ ಕೂದಲು ಕೆದರಿಕೊಂಡು ನಿಂತಿತ್ತು. ಕೈಯಲ್ಲಿ ಕತ್ತರಿಯಿತ್ತು, ಹೂಜಿಯಲ್ಲಿ ವೈನ್ ಉಳಿದಿತ್ತು. ದ್ರಾಕ್ಷಿ ಬಳ್ಳಿಗೆ ಮಾಡಿದ ಹಾಗೆಯೇ ಗೇಣುದ್ದ ಬಿಟ್ಟು ಸವರಿ, ಗಾಯಗಳಿಗೆಲ್ಲ ವೈನ್ ಕುಡಿಸಿದೆ. ಈಗ ಅದು ಸೈನ್ಯಕ್ಕೆ ಸೇರಿದ ಹುಡುಗನಂತೆ ನೀಟಾಗಿ ನಿಂತಿದೆ.

ಸಂಜೆ ಪಡಖಾನೆಯಲ್ಲಿ ಗೆಂಚೊ ತನ್ನ ಕಿರೀಟ ಸಮೇತ ಕೂತಿದ್ದ. "ಲೋ ಲಾಲ್ಯೊ, ಅದು ದ್ರಾಕ್ಷಿಯಲ್ಲ ಕಣೋ, ಗುಲಾಬಿ. ಈ ವರ್ಷ ಅದರಲ್ಲಿ ಒಂದು ಹೂವು ಕಂಡ್ರೆ ನನ್ನ ಮೀಸೆ ಬೋಳಿಸ್ತೀನಿ" ಅಂದ.

"ನಿನ್ನ ಮೀಸೆ ತಗೊಂಡು ನಾನೇನು ಪೊರಕೆ ಕಟ್ಲಾ? ದುಡ್ಡು ಇಟ್ಟು ಮಾತಾಡು."

ಪಂತ ಕಟ್ಟಿದೆವು. ಮೇ ಇಪ್ಪತ್ತೊಂದು, ನಿನ್ನ ಹೆಸರಿನ ಸಂತನ ಹಬ್ಬದ ದಿನ, ಗಿಡದ ಮೇಲೆ ಅರಳಿದ ಹೂವು ಇರಬೇಕು. ದೊಡ್ಡದೇನಲ್ಲ, ಒಂದು ಬಾಟಲಿ ರಕಿಯಾ ಸಾರಾಯಿ ಅಷ್ಟೇ.

ಡಾಕ್ಟರು ಹೇಳಿದ ಹಾಗೆ ಅಲ್ಲಾಡದೆ ಮಲಗಿರು. ನಿನ್ನ ಗಂಡ ಸ್ಟೊಯಿಲ್‌ನಿಂದ ಕಾಗದ ಬಂತೇ? ಲಿಬಿಯಾದಲ್ಲಿ ರಸ್ತೆ ಹಾಕುವವರಿಗೆ ಅಂಚೆ ಡಬ್ಬಿ ಇಡುವ ಬುದ್ಧಿ ಇಲ್ಲವೇನೋ. ಕಜನ್ಲಕ್‌ನಲ್ಲಿ ಪಕ್ಕಕ್ಕೆ ತೊಟ್ಟಿಯಿರುವ ಒಂದು ಹಸಿರು ಮೋಟಾರ್ ಸೈಕಲ್ ನೋಡಿಟ್ಟಿದ್ದೇನೆ, ದುಡ್ಡೂ ಕೂಡಿಟ್ಟಿದ್ದೇನೆ. ಹಳೆಯದು, ಆದರೆ ನನ್ನಂತೆಯೇ ಗಟ್ಟಿ. ಬೇಸಿಗೆಯಲ್ಲಿ ನಿನ್ನನ್ನು ಆ ತೊಟ್ಟಿಯಲ್ಲಿ ಕೂರಿಸಿಕೊಂಡು ಊರಿಗೆ ತರುತ್ತೇನೆ. ಮಡಿಲಲ್ಲಿ ಏನಿರುತ್ತದೋ ಅದರ ಸಮೇತ.

ಇಂತಿ,
ಐದು ಜಿಲ್ಲೆಗಳ ಗುಲಾಬಿ ವೈದ್ಯ, ಗುಲಾಬಿ ಎಣ್ಣೆ ಭಟ್ಟಿಯ ಮುಖ್ಯ ಒಲೆಗಾರ,
ನಿನ್ನ ಲಾಲ್ಯೊ ಮಾವ

*

ಪ್ಲೊವ್ದಿವ್, ಹೆರಿಗೆ ಆಸ್ಪತ್ರೆ
ಮಾರ್ಚ್ 2

ಮಾವ,

ನಿನ್ನ ಕಾಗದ ಓದಿ ಮೊದಲು ನಕ್ಕೆ, ಆಮೇಲೆ ಅತ್ತೆ. ನಗುವುದೂ ಅಳುವುದೂ ಎರಡೂ ನನಗೆ ಬೇಡವಂತೆ.

ಅಮ್ಮನ ಗಿಡ ವರ್ಷಕ್ಕೆ ಒಂದೇ ಸಲ ಹೂ ಬಿಡುವಂಥದ್ದು. ಹೂವು ಬರುವುದು ಹಳೆಯ ಕೊಂಬೆಯಲ್ಲಿ. ಅದಕ್ಕೇ ಅವಳು ಹೂವು ಮುಗಿದ ಮೇಲೆ ಮಾತ್ರ ಕತ್ತರಿ ಹಿಡಿಯುತ್ತಿದ್ದಳು. ನೀನು ತ್ರಿಫೊನ್ ಹಬ್ಬದಂದು ಸವರಿ ಹಾಕಿದ್ದು ಈ ವರ್ಷದ ಹೂವುಗಳನ್ನೇ. ಪಕ್ಕದ ಮಂಚದ ವೆಲಿಚ್ಕಾ ಪಜಾರ್ಜಿಕ್‌ನಲ್ಲಿ ಗಿಡಗಳ ಔಷಧಿ ಅಂಗಡಿ ನೋಡಿಕೊಳ್ಳುವವಳು. ನಿನ್ನ ಕಾಗದವನ್ನು ಓದಿ ಹೇಳಿದಾಗ ಹಣೆ ಹಣೆ ಚಚ್ಚಿಕೊಂಡಳು. "ನಿಮ್ಮ ಮಾವನ ಕೈಗೆ ಕತ್ತರಿ ಕೊಟ್ಟವರ್ಯಾರೇ? ವೈನ್ ಮಾತ್ರ ಕೊಟ್ಟಿದ್ರೆ ಸಾಕಿತ್ತಲ್ಲ" ಅಂದಳು.

ಈಗ ಮತ್ತೆ ಕತ್ತರಿ ತಾಗಿಸಬೇಡ. ಕತ್ತರಿಸಿದ ತುದಿಗಳಿಗೆ ಜೇಡಿಮಣ್ಣು ಮೆತ್ತು, ಕಾಂಡ ಕೊರೆಯುವ ಹುಳ ಅಲ್ಲಿಂದಲೇ ಒಳಗೆ ಇಳಿಯುತ್ತದೆ.

ನನ್ನ ಮಂಚದ ಕಾಲ ಕಡೆಗೆ ಇಟ್ಟಿಗೆ ಇಟ್ಟು ಎತ್ತರಿಸಿದ್ದಾರೆ. ತಲೆ ತಗ್ಗಿನಲ್ಲಿ, ಕಾಲು ಮೇಲೆ. ಕಿಟಕಿಯಿಂದ ಕಾಣುವುದು ಬಟ್ಟೆ ಒಗೆಯುವ ಕೋಣೆಯ ತಗಡಿನ ಮಾಡು ಮಾತ್ರ. ಒಂದು ಮಾತು ಹೇಳುತ್ತೇನೆ, ನಗಬೇಡ. ಹಿಂದಿನ ಎರಡು ಸಲವೂ ಗುಲಾಬಿ ಅರಳುವ ಕಾಲಕ್ಕೆ ಮುಂಚೆಯೇ ಎಲ್ಲ ಮುಗಿದುಹೋಗಿತ್ತು. ಈ ಸಲ ಅಮ್ಮನ ಗಿಡದ ಹೂವು ನೋಡುವವರೆಗೆ ಇದು ನನ್ನೊಳಗೆ ಉಳಿದರೆ, ಆಮೇಲೆ ಉಳಿದೇ ಉಳಿಯುತ್ತದೆ ಅಂತ ಮನಸ್ಸಿನಲ್ಲೇ ಮಾತು ಮಾಡಿಕೊಂಡಿದ್ದೇನೆ. ನೀನು ಕತ್ತರಿ ಹಾಕಿದ್ದು ಆ ಮಾತಿಗೇ.

ಮಾರ್ಚ್ ತಿಂಗಳಲ್ಲಿ ಆರೋಗ್ಯಕ್ಕೆಂದು ಕಟ್ಟುವ ಕೆಂಪು ಬಿಳಿ ದಾರ ಎರಡು ಹೊಸೆದು ಕಳಿಸಿದ್ದೇನೆ. ಒಂದು ನಿನ್ನ ಕೈಗೆ, ಒಂದು ಗಿಡಕ್ಕೆ. ಎಲೆ ಬಂದ ಮೇಲೆ ಪ್ರತಿ ಕಾಗದದ ಜೊತೆ ಒಂದು ಎಲೆ ಇಡು. ಏಳುವ ಹಾಗಿಲ್ಲ, ಆದರೆ ಕಣ್ಣು ಕಾಣುತ್ತದೆ.

ಕೊಸ್ತಾದಿಂಕಾ

*

ದುಬ್ರಾವಾ
ಏಪ್ರಿಲ್ 8

ಮಗಳೇ,

ಒಂದು ತಿಂಗಳು ಕಾಗದ ಬರೆಯಲಿಲ್ಲ, ನಾಚಿಕೆಯಿಂದಲ್ಲ, ಕೆಲಸ. ಭಟ್ಟಿಯ ಹೊಗೆಗೊಳವೆ ತಿಕ್ಕುವುದಿತ್ತು. ನಾನಿಲ್ಲದಿದ್ದರೆ ಅಲ್ಲಿ ಬೆಂಕಿಯೂ ಹೊತ್ತುವುದಿಲ್ಲ.

ಈಗ ಕುಳಿತು ಕೇಳು. ಅಲ್ಲ, ಮಲಗಿಯೇ ಕೇಳು. ದಾರ ಕಟ್ಟಲು ಗಿಡದ ಸುತ್ತ ಬಗ್ಗಿ ನೋಡುತ್ತಿದ್ದೆ. ಮಳೆನೀರಿನ ಪೀಪಾಯಿಯ ಹಿಂದೆ, ಗೋಡೆಗೂ ಪೀಪಾಯಿಗೂ ನಡುವಿನ ಸಂದಿಯಲ್ಲಿ ಒಂದು ಕೊಂಬೆ. ಹಳೆಯದು. ಪೂರ್ತಿ. ನನ್ನ ಕತ್ತರಿ ಅಲ್ಲಿಗೆ ಹೋಗಿಯೇ ಇಲ್ಲ. ಬೇಕೆಂದೇ ಉಳಿಸಿದ್ದೆ ಎಂದು ಊರಿಗೆಲ್ಲ ಹೇಳಿದ್ದೇನೆ. ನಿನಗೆ ಮಾತ್ರ ಹೇಳುತ್ತೇನೆ, ಅಂದು ನನಗೆ ಪೀಪಾಯಿಗಳು ಎರಡು ಕಂಡಿದ್ದವು, ಯಾವುದರ ಹಿಂದೆ ಕೈ ಹಾಕುವುದೋ ತಿಳಿಯಲಿಲ್ಲ. ದಾರವನ್ನು ಆ ಕೊಂಬೆಗೇ ಕಟ್ಟಿದ್ದೇನೆ.

ಎಲ್ಲ ಕಡೆ ಚಿಗುರು ಬಂದಿದೆ. ಜೊತೆಗೆ ಹಸಿರು ಹೇನೂ ಬಂದಿವೆ. ಚಿಗುರಿನ ತುದಿಯಲ್ಲಿ ಜಾತ್ರೆ ಸೇರಿದ ಹಾಗೆ ಒಂದರ ಮೇಲೊಂದು. ಕಾಂಡದ ಮೇಲೆ ಇರುವೆಗಳು ಸಾಲು ಹಿಡಿದು ಹತ್ತಿ ಇಳಿಯುತ್ತವೆ. ನಾನು ರಕಿಯಾ ಚಿಮುಕಿಸಿ ನೋಡಿದೆ. ಹೇನುಗಳಿಗೆ ಏನೂ ಆಗಲಿಲ್ಲ, ಇರುವೆಗಳ ನಡಿಗೆ ಮಾತ್ರ ಓರೆಯಾಯಿತು. ಎಲೆಯೊಂದನ್ನು ಇಟ್ಟಿದ್ದೇನೆ. ಲಕೋಟೆಯಲ್ಲಿ ಹಸಿರು ಕಲೆ ಕಂಡರೆ ಅದು ಹೇನು, ಹೆದರಬೇಡ.

ನನಗೆ ಒಂದು ಕಡೆ ಕೂರಲು ಆಗುತ್ತಿಲ್ಲ. ಊಟಕ್ಕೆ ಕೂತರೆ ಗಿಡದ ಹತ್ತಿರ ಹೋಗಬೇಕೆನಿಸುತ್ತದೆ, ಗಿಡದ ಹತ್ತಿರ ಹೋದರೆ ಅಂಚೆಯವನು ಬಂದನೇನೋ ಎನಿಸುತ್ತದೆ. "ಬೆಕ್ಕು ಮರಿ ಹಾಕೋಕೆ ಜಾಗ ಹುಡುಕ್ದಂಗೆ ಆಡ್ತಿದೀಯಲ್ಲೋ" ಅಂತಾನೆ ಗೆಂಚೊ.

ಇಂತಿ,
ಗುಲಾಬಿ ವೈದ್ಯ, ಹೇನುಗಳ ಶತ್ರು,
ಲಾಲ್ಯೊ ಮಾವ

*

ಪ್ಲೊವ್ದಿವ್
ಏಪ್ರಿಲ್ 14

ಮಾವ,

ಆ ಕೊಂಬೆಯ ಸುದ್ದಿ ಓದಿದಾಗ ಒಳಗಿನದು ಒದ್ದಿತು. ಮೊದಲ ಸಲ ಅಲ್ಲ, ಆದರೆ ಇಷ್ಟು ಜೋರಾಗಿ ಮೊದಲ ಸಲ.

ಎಲೆಯನ್ನು ವೆಲಿಚ್ಕಾ ಬೆಳಕಿಗೆ ಹಿಡಿದು ನೋಡಿದಳು. ಹೇನಿಗೆ ರಕಿಯಾ ಬೇಡ, ನೀನೇ ಕುಡಿ. ಬಟ್ಟೆ ಸಾಬೂನು ಕರಗಿಸಿ ಚಿಗುರಿಗೆ ಕೆಳಗಿನಿಂದ ಮೇಲಕ್ಕೆ ಎರಚು, ಸ್ವಲ್ಪ ಹೊತ್ತಿನ ಮೇಲೆ ಬರಿ ನೀರಿನಲ್ಲಿ ತೊಳೆ. ಬಿಸಿಲಿನಲ್ಲಿ ಮಾಡಬೇಡ. ಇರುವೆಗಳು ಹೇನು ಕಾಯುವ ದನಗಾಹಿಗಳು. ಕಾಂಡದ ಬುಡಕ್ಕೆ ಚಿಂದಿ ಸುತ್ತಿ ಗಾಡಿಯ ಕೀಲೆಣ್ಣೆ ಬಳಿ, ಅವು ಹತ್ತಲಾರವು. ಕೆಂಪು ರೆಕ್ಕೆಯ ಮೇಲೆ ಚುಕ್ಕೆಯಿರುವ ಸಣ್ಣ ಹುಳ ಕಂಡರೆ ಕೊಲ್ಲಬೇಡ, ಅದು ನಮ್ಮ ಕಡೆಯದು, ಹೇನು ತಿನ್ನುತ್ತದೆ.

ಇನ್ನೊಂದು. ಎಲೆಯ ಮೇಲೆ ಬಿಳಿ ಹಿಟ್ಟು ಉದುರಿಸಿದಂತೆ ಇದೆ, ಬೆರಳಿಗೆ ಅಂಟುತ್ತದೆ. ಅದು ಬೂದಿ ರೋಗ. ಗಾಳಿಯಾಡದ ಕಡೆ ಬರುತ್ತದೆ. ಪೀಪಾಯಿಯನ್ನು ಗೋಡೆಯಿಂದ ದೂರ ಸರಿಸು. ಮೋಡವಿರುವ ದಿನ ನೋಡಿ ಗಂಧಕದ ಪುಡಿ ತೆಳುವಾಗಿ ಉದುರಿಸು. ದ್ರಾಕ್ಷಿಗೆ ಹೊಡೆಯುವ ಮೈಲುತುತ್ತದ ನೀರನ್ನು ಮಾತ್ರ ಹೊಡೆಯಬೇಡ. ದ್ರಾಕ್ಷಿ ತಡೆಯುತ್ತದೆ, ಗುಲಾಬಿಯ ಎಳೆ ಎಲೆ ಸುಟ್ಟುಹೋಗುತ್ತದೆ. ಇದನ್ನು ಎರಡು ಸಲ ಬರೆ ಅಂದಳು ವೆಲಿಚ್ಕಾ. ಮೈಲುತುತ್ತ ಬೇಡ.

ಮೊಗ್ಗು ಬಂದಿದೆಯೇ?

ಕೊಸ್ತಾದಿಂಕಾ

*

ದುಬ್ರಾವಾ
ಏಪ್ರಿಲ್ 26

ಮಗಳೇ,

ಎಲ್ಲ ಚೆನ್ನಾಗಿದೆ. ಹೇನು ಹೋದವು. ಬೂದಿಯೂ ಇಲ್ಲ. ಎಲೆ ಕಳಿಸಿದ್ದೇನೆ, ನೋಡು ಎಷ್ಟು ಹೊಳೆಯುತ್ತಿದೆ, ಮುಖ ನೋಡಿಕೊಳ್ಳಬಹುದು. ಅವಸರದಲ್ಲಿದ್ದೇನೆ.

ಇಂತಿ,
ಬಾಲ್ಕನ್ ಬೆಟ್ಟಗಳ ಗುಲಾಬಿ ಮಹಾವೈದ್ಯ,
ಲಾಲ್ಯೊ ಮಾವ

*

ಪ್ಲೊವ್ದಿವ್
ಏಪ್ರಿಲ್ 30

ಮಾವ,

ಈ ಎಲೆ ಯಾರದು?

ಅಮ್ಮನ ಗಿಡದಲ್ಲಿ ಒಂದು ತೊಟ್ಟಿಗೆ ಏಳು ಎಲೆ. ಬಣ್ಣ ಬೂದು ಮಿಶ್ರಿತ ಹಸಿರು, ಹೊಳಪಿಲ್ಲ, ಹಿಂಬದಿ ಮೆತ್ತಗೆ ಕರುವಿನ ಕಿವಿಯ ಹಾಗೆ. ನೀನು ಕಳಿಸಿದ್ದರಲ್ಲಿ ಐದೇ ಎಲೆ, ಮೇಣ ಬಳಿದ ಹೊಳಪು. ಇದು ಗೆಂಚೊನ ಗೋಡೆಯ ಕೆಂಪು ಗುಲಾಬಿಯದು. ಚಿಕ್ಕವಳಿದ್ದಾಗ ಆ ಗೋಡೆ ಹತ್ತಿ ಮೊಣಕಾಲು ತರಚಿಕೊಂಡವಳು ನಾನು, ನನಗೆ ತಿಳಿಯದೇ?

ಇಲ್ಲಿ ಎಲ್ಲರೂ ನನಗೆ ಸುಳ್ಳು ಹೇಳುತ್ತಾರೆ. ಡಾಕ್ಟರು ಹೊಟ್ಟೆಯ ಮೇಲೆ ಕೊಳವೆ ಇಟ್ಟು ಎದೆಬಡಿತ ಕೇಳಿ, ಮುಖದಲ್ಲಿ ಒಂದು ನಗು ಅಂಟಿಸಿಕೊಂಡು ಹೋಗುತ್ತಾರೆ. ದಾದಿಯರೂ ಅಷ್ಟೇ. ಕಿಟಕಿ ಪಕ್ಕದ ಮಂಚದ ಹುಡುಗಿಗೂ ಹಾಗೇ ನಗುತ್ತಿದ್ದರು. ಸೋಮವಾರ ಅವಳ ಹಾಸಿಗೆ ಮಡಿಸಿದರು, ಅವಳು ಬರಿಗೈಯಲ್ಲಿ ಮನೆಗೆ ಹೋದಳು. ನಿನ್ನ ರೈಲು, ನಿನ್ನ ಪ್ಯಾರಿಸ್ಸು, ಎಷ್ಟು ಬೇಕಾದರೂ ಹೇಳು ಮಾವ, ಕೇಳಿಸಿಕೊಳ್ಳುತ್ತೇನೆ. ಈ ಗಿಡದ ವಿಷಯದಲ್ಲಿ ಮಾತ್ರ ನನಗೆ ಸುಳ್ಳು ಹೇಳಬೇಡ. ಸತ್ತಿದ್ದರೆ ಸತ್ತಿದೆ ಅಂತ ಬರೆ.

ಕೊಸ್ತಾದಿಂಕಾ

*

ದುಬ್ರಾವಾ
ಮೇ 4

ಮಗಳೇ ಕೊಸ್ತಾದಿಂಕಾ,

ಸತ್ತಿಲ್ಲ. ಮೊದಲು ಅದನ್ನು ಬರೆದುಬಿಡುತ್ತೇನೆ. ಸತ್ತಿಲ್ಲ.

ಮೈಲುತುತ್ತ ಬೇಡ ಎಂದು ನೀನು ಎರಡು ಸಲ ಬರೆದಿದ್ದೆ. ನಾನು ಎರಡು ಸಲ ಓದಿದೆ. ಆಮೇಲೆ ದ್ರಾಕ್ಷಿಗೆ ಕಲಸಿದ ನೀರು ಬೆನ್ನಿನ ಡಬ್ಬದಲ್ಲಿ ಅರ್ಧ ಉಳಿಯಿತು. ಇಷ್ಟು ವರ್ಷ ದ್ರಾಕ್ಷಿಗೆ ಹೊಡೆದ ಕೈ ಇದು, ಗುಲಾಬಿಗೆ ಏನು ಮಹಾ ಎಂದುಕೊಂಡೆ. ಸುಣ್ಣವೂ ಸಾಕಷ್ಟು ಬಿದ್ದಿರಲಿಲ್ಲ. ಎಲೆಗಳೆಲ್ಲ ನೀಲಿಯಾಗಿ ಚೆಂದ ಕಂಡವು. ಮೂರನೆಯ ದಿನ ಅಂಚು ಕಂದಾಗಿ ಕರಕಲಾಯಿತು, ಇಸ್ತ್ರಿ ಪೆಟ್ಟಿಗೆ ತಾಗಿದ ಅಂಗಿಯ ಹಾಗೆ.

ಅದರ ಮೇಲೆ ಮಳೆ ಹಿಡಿಯಿತು. ಮಳೆ ನಿಂತ ಮೇಲೆ ಉಳಿದ ಎಲೆಗಳಲ್ಲಿ ಕಪ್ಪು ಚುಕ್ಕೆಗಳು. ಅಂಚು ನೇರವಾಗಿಲ್ಲ, ಒದ್ದೆ ಕಾಗದದ ಮೇಲೆ ಶಾಯಿ ಹರಡಿದ ಹಾಗೆ ನವುರಾಗಿ ಒಡೆದಿದೆ. ಸುತ್ತ ಹಳದಿ. ಮುಟ್ಟಿದರೆ ಉದುರುತ್ತದೆ. ಅಂಥದ್ದೊಂದನ್ನು ನಿನಗೆ ಹೇಗೆ ಕಳಿಸಲಿ? ಗೆಂಚೊನ ಗೋಡೆಗೆ ಕೈ ಚಾಚಿದೆ. ಅವನು ಹಿಂದೆಯೇ ನಿಂತಿದ್ದ.

"ಏನೋ, ನನ್ನ ಗಿಡದ ಎಲೆ ಯಾಕೆ ಕೀಳ್ತೀಯ?"

"ಹುಳ ಇತ್ತು, ತೆಗೆದೆ. ಉಪಕಾರ ಮಾಡಿದ್ರೂ ತಪ್ಪಾ?"

"ಹುಳಾನ ಲಕೋಟೆಯೊಳಗೆ ಯಾಕೋ ಹಾಕ್ತಿದೀಯ?"

ಲಕೋಟೆಯನ್ನು ಟೋಪಿಯೊಳಗೆ ತುರುಕಿ ಅಂಚೆ ಕಚೇರಿಯ ಕಡೆ ಓಡಿದೆ. ನಾನು ಓಡಿದ್ದನ್ನು ಊರು ನೋಡಿದ್ದು ಇದೇ ಮೊದಲು.

ಈಗ ಒಳ್ಳೆಯ ಸುದ್ದಿ. ಪೀಪಾಯಿ ಸರಿಸು ಎಂದಿದ್ದೆಯಲ್ಲ, ನಾನು ಸರಿಸಿರಲಿಲ್ಲ. ತುಂಬಿದ ಪೀಪಾಯಿ, ನನ್ನ ಸೊಂಟ. ಹಾಗಾಗಿ ಮೈಲುತುತ್ತದ ನೀರು ಹಿಂದಿನ ಕೊಂಬೆಗೆ ಬೀಳಲೇ ಇಲ್ಲ. ಅದರ ಎಲೆಗಳಲ್ಲಿ ಬೂದಿ ಇದೆ, ಚುಕ್ಕೆಯೂ ಒಂದೆರಡಿದೆ, ಆದರೆ ಜೀವ ಇದೆ. ಅದರ ತುದಿಯಲ್ಲಿ ಒಂದು ಮೊಗ್ಗು. ಒಂದೇ. ಜೋಳದ ಕಾಳಿನಷ್ಟಿದೆ.

ಎಲೆ ಇಟ್ಟಿದ್ದೇನೆ. ನಿನ್ನ ಅಮ್ಮನ ಗಿಡದ್ದೇ. ಬಣ್ಣ ಚೆನ್ನಾಗಿಲ್ಲ.

ಲಾಲ್ಯೊ ಮಾವ

*

ಪ್ಲೊವ್ದಿವ್
ಮೇ 9

ಮಾವ,

ಎಲೆ ತಲುಪಿತು. ಏಳು. ಎಣಿಸಿದೆ. ಎಷ್ಟೋ ದಿನದ ಮೇಲೆ ಸಮಾಧಾನವಾಗಿ ನಿದ್ದೆ ಬಂತು.

ಕಪ್ಪು ಚುಕ್ಕೆ ಮಳೆಯಿಂದ ಹರಡುವ ರೋಗ. ಉದುರಿದ ಎಲೆ ಒಂದನ್ನೂ ಬಿಡದೆ ಬಳಿದು ಸುಡು, ಗೊಬ್ಬರದ ಗುಂಡಿಗೆ ಹಾಕಿದರೆ ಬರುವ ವರ್ಷ ಅಲ್ಲಿಂದಲೇ ಮೇಲೇಳುತ್ತದೆ. ಕೊಂಬೆಯ ಮೇಲಿನ ಚುಕ್ಕೆ ಎಲೆಗಳನ್ನು ಕೈಯಿಂದಲೇ ತೆಗೆ, ಮೊಗ್ಗಿನ ಹತ್ತಿರದ್ದನ್ನು ಮಾತ್ರ ಬಿಡು, ಅದಕ್ಕೆ ಊಟ ಅಲ್ಲಿಂದ. ನೀರು ಬೆಳಿಗ್ಗೆ ಬುಡಕ್ಕೆ ಹಾಕು, ಎಲೆ ನೆನೆಯಬಾರದು. ಈಗಲಾದರೂ ಪೀಪಾಯಿ ಸರಿಸು, ಬೇಕಾದರೆ ನೀರು ಚೆಲ್ಲಿ ಸರಿಸು. ಮೈಲುತುತ್ತದಿಂದ ಸುಟ್ಟ ಎಲೆ ಮರಳಿ ಹಸಿರಾಗುವುದಿಲ್ಲ, ಆದರೆ ಬೇರು ಗಟ್ಟಿಯಿದ್ದರೆ ಹೊಸದು ಬರುತ್ತದೆ. ಆಲಿಕಲ್ಲು ಬಿದ್ದ ವರ್ಷ ಆ ಗಿಡ ಪೂರ್ತಿ ಬೋಳಾಗಿ ಮತ್ತೆ ಚಿಗುರಿತ್ತು.

ಮೊಗ್ಗಿಗೆ ಇಬ್ಬರು ಕಳ್ಳರು. ಒಂದು ಉದ್ದ ಮೂತಿಯ ಸಣ್ಣ ಕಪ್ಪು ಹುಳ, ಮೊಗ್ಗಿನ ಕತ್ತು ಕಚ್ಚಿ ಜೋತುಬೀಳಿಸುತ್ತದೆ. ಇನ್ನೊಂದು ಹಸಿರು ಮಿಂಚಿನ ದೊಡ್ಡ ದುಂಬಿ, ಅರಳುವ ಹೂವಿನ ಹೊಟ್ಟೆಯನ್ನೇ ತಿನ್ನುತ್ತದೆ. ಮುಂಜಾನೆ ಚಳಿಗೆ ಅವು ಮರಗಟ್ಟಿರುತ್ತವೆ, ಆಗ ಕೆಳಗೆ ಬಟ್ಟೆ ಹಿಡಿದು ಕೊಂಬೆ ಅಲುಗಿಸು.

ಇನ್ನು ಆ ವಾರ ಹತ್ತಿರ ಬರುತ್ತಿದೆ. ಯಾವುದು ಅಂತ ನಿನಗೆ ಗೊತ್ತು. ಹೋದ ಸಲ ಆ ವಾರದವರೆಗೆ ಮಾತ್ರ ಬಂದಿದ್ದೆ.

ಕೊಸ್ತಾದಿಂಕಾ

*

ದುಬ್ರಾವಾ
ಮೇ 20, ಬೆಳಿಗ್ಗೆ

ಮಗಳೇ,

ಈ ಕಾಗದವನ್ನು ಗೆಂಚೊ ಕೈಯಾರೆ ತರುತ್ತಿದ್ದಾನೆ. ಭಟ್ಟಿಯ ವ್ಯಾನು ಪ್ಲೊವ್ದಿವ್‌ಗೆ ಹೊರಟಿದೆ, ಓಡಿಸುವವನು ಅವನೇ. ನಾನೇ ಬರುತ್ತಿದ್ದೆ. ಹೊಲದಿಂದ ಹೂವಿನ ಮೂಟೆಗಳು ಬಂದು ಬೀಳುತ್ತಿವೆ, ಒಲೆ ಬಿಟ್ಟು ಏಳುವ ಹಾಗಿಲ್ಲ.

ನಿನ್ನೆ ಅಂಚೆ ಕಚೇರಿಯಿಂದ ಆಸ್ಪತ್ರೆಗೆ ಫೋನು ಮಾಡಿದ್ದೆ. ದಾದಿ "ನೋವು ಕಾಣಿಸಿಕೊಂಡಿದೆ, ಸೂಜಿ ಕೊಟ್ಟಿದ್ದಾರೆ, ಇನ್ನು ಕಾಯ್ಬೇಕು" ಅಂದಳು. ಆಮೇಲೆ ಗೊರಗೊರ ಸದ್ದು, ಫೋನು ಹೋಯಿತು. ಕಾಯಬೇಕು ಎಂದರೆ ಏನು, ಎಷ್ಟು, ಯಾರನ್ನು, ಅವಳು ಹೇಳಲಿಲ್ಲ. ಮನೆಗೆ ಬಂದು ಬೂಟು ಬಿಚ್ಚಿದೆ, ಮತ್ತೆ ಹಾಕಿಕೊಂಡೆ, ಮತ್ತೆ ಬಿಚ್ಚಿದೆ.

ಮೊಗ್ಗು ಇವತ್ತು ಹಸಿರು ಪದರ ಹಿಂದಕ್ಕೆ ಮಡಿಸಿ ಬಣ್ಣ ತೋರಿಸಿದೆ. ನಾಳೆ ಮಧ್ಯಾಹ್ನಕ್ಕೆ ಅರಳುತ್ತದೆ, ನಿನ್ನ ಹೆಸರಿನ ಹಬ್ಬಕ್ಕೆ ಸರಿಯಾಗಿ. ಕತ್ತರಿ ತಂದಾಗ ಗೆಂಚೊ ಗೋಡೆಯ ಆ ಕಡೆ ನಿಂತು ನೋಡುತ್ತಿದ್ದ.

"ಲೋ, ಏನು ಮಾಡ್ತಿದೀಯ? ನಾಳೆವರೆಗೆ ಗಿಡದ ಮೇಲಿರಬೇಕು ಅಂತ ಮಾತಾಗಿತ್ತು. ಕತ್ತರಿ ಹಾಕಿದ್ರೆ ನೀನು ಸೋತ ಹಾಗೆ."

"ನಂಗೂ ಕಿವಿ ಕೇಳುತ್ತೆ."

"ಹೊಲದ ತುಂಬ ಗುಲಾಬಿ ಬಿದ್ದಿದೆಯಲ್ಲೋ. ಒಂದು ಮೂಟೆ ತುಂಬಿ ಕೊಡ್ತೀನಿ, ಆಸ್ಪತ್ರೆ ಪೂರ್ತಿ ಘಮ ಅನ್ನುತ್ತೆ."

"ಅವಳು ಎಲೆ ಎಣಿಸ್ತಾಳೆ ಗೆಂಚೊ."

ಅವನು ಒಳಗೆ ಹೋಗಿ ಜಾಮಿನ ಖಾಲಿ ಸೀಸೆ ತೊಳೆದು ತಂದ. ದಾರಿಯುದ್ದಕ್ಕೂ ತೊಡೆಗಳ ನಡುವೆ ಇಟ್ಟುಕೊಂಡು ಓಡಿಸುತ್ತಾನಂತೆ.

ತೊಟ್ಟಿನ ತುದಿಯನ್ನು ನೀರಿನೊಳಗೇ ಓರೆಯಾಗಿ ಕತ್ತರಿಸಲು ವೆಲಿಚ್ಕಾಗೆ ಹೇಳು. ಬಿಸಿಲಿಗೆ ಇಡಬೇಡ. ಪಂತದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ, ಒಂದು ಬಾಟಲಿ ರಕಿಯಾ ತಾನೆ.

ದಾರ ಬಿಚ್ಚಿಲ್ಲ, ಮೊಗ್ಗಿನ ಜೊತೆಗೇ ಇದೆ.

ಮಾವ

*

ಪ್ಲೊವ್ದಿವ್
ಮೇ 26

ಮಾವ,

ಕಾಗದ ತಡವಾಯಿತು. ಆ ವಾರ ದಾಟುವ ಮುಂಚೆ ಬರೆಯಲು ಧೈರ್ಯ ಬರಲಿಲ್ಲ.

ಗೆಂಚೊ ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತಿದ್ದ. ಅಷ್ಟು ಹೆಂಗಸರ ಮುಂದೆ ಒಳಗೆ ಬರಲು ಸಂಕೋಚ. ಪ್ಯಾಂಟು ಮೊಣಕಾಲಿನವರೆಗೆ ಒದ್ದೆ. "ಸೀಸೆ ಚೆಲ್ಲಿತು, ಬೇರೇನೂ ಅಲ್ಲ" ಅಂದ, ಯಾರೂ ಕೇಳದಿದ್ದರೂ. ವಾರ್ಡಿಗೆ ವಾರ್ಡೇ ನಕ್ಕಿತು.

ಮೊಗ್ಗು ಆ ರಾತ್ರಿ ಹಾಗೇ ಇತ್ತು. ನನ್ನ ನೋವು ಬೆಳಗಿನ ಜಾವಕ್ಕೆ ಇಳಿಯಿತು. ಸೂಜಿಯಿಂದ ಎನ್ನುತ್ತಾರೆ ಡಾಕ್ಟರು. ನಾನು ವಾದ ಮಾಡಲಿಲ್ಲ. ಹಬ್ಬದ ದಿನ ಬೆಳಿಗ್ಗೆ ಕಣ್ಣು ಬಿಟ್ಟಾಗ ಹೂವು ಅರ್ಧ ತೆರೆದಿತ್ತು. ಒಳಗಿನಿಂದ ಒಂದು ಹಸಿರು ಹೇನು ನಿಧಾನವಾಗಿ ಹೊರಬಂದು ದಳದ ಅಂಚಿನಲ್ಲಿ ನಿಂತಿತು. ಒರೆಸಲು ಹೋದೆ, ವೆಲಿಚ್ಕಾ ಬಿಡಲಿಲ್ಲ. "ಇರ್ಲಿ ಬಿಡೇ, ಅಷ್ಟು ದೂರದಿಂದ ಬಂದಿದೆ, ನೆಂಟರಲ್ವಾ" ಅಂದಳು. ವಾಸನೆ ಅಮ್ಮನ ಪೆಟ್ಟಿಗೆ ತೆಗೆದ ಹಾಗೆ.

ಆ ವಾರ ಕಳೆಯಿತು ಮಾವ. ನಿನ್ನೆ ಡಾಕ್ಟರು ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ನಗಲಿಲ್ಲ. "ಇನ್ನು ದಿಂಬು ಕೊಟ್ಟು ಕೂತ್ಕೋ" ಅಂದರು. ಮಂಚದ ಕೆಳಗಿನ ಇಟ್ಟಿಗೆ ತೆಗೆದರು. ಕೂತು ನೋಡಿದರೆ ತಗಡಿನ ಮಾಡಿನಾಚೆ ಒಂದು ಕಂದು ಬಣ್ಣದ ಗೋಡೆ ಇದೆ, ಅದರಾಚೆ ಒಂದು ಮರ. ಇಷ್ಟು ದಿನ ಅದು ಅಲ್ಲೇ ಇತ್ತು.

ಹೊರಡುವಾಗ ಗೆಂಚೊ ಒಂದು ಮಾತು ಹೇಳಿದ. "ನಿಮ್ಮ ಮಾವ ನಾಳೆವರೆಗೆ ತಡೆದಿದ್ರೆ ಗೆಲ್ತಿದ್ದ ಕಣಮ್ಮ. ಎಷ್ಟು ಅಂತ ಮಾತ್ರ ಕೇಳ್ಬೇಡ. ಬಾಯಿ ಬಿಡ್ಬಾರದು ಅಂತ ಆಣೆ ಹಾಕಿಸ್ಕೊಂಡಿದಾನೆ." ಒಂದು ಬಾಟಲಿ ರಕಿಯಾಕ್ಕೆ ಯಾರೂ ಆಣೆ ಹಾಕಿಸಿಕೊಳ್ಳುವುದಿಲ್ಲ.

ಎಷ್ಟು ಮಾವ? ಗಿಡದ ವಿಷಯದಲ್ಲಿ ಸುಳ್ಳಿಲ್ಲ ಅಂತ ಮಾತಾಗಿದೆ. ಇದೂ ಗಿಡದ ವಿಷಯವೇ.

ಕೊಸ್ತಾದಿಂಕಾ

*

ದುಬ್ರಾವಾ
ಜೂನ್ 1

ಮಗಳೇ ಕೊಸ್ತಾದಿಂಕಾ,

ನಿನ್ನ ಕಾಗದವನ್ನು ಒಲೆಯ ಬೆಳಕಿನಲ್ಲಿ ಓದಿದೆ. ಹೊಗೆಯಿಂದ ಕಣ್ಣಲ್ಲಿ ನೀರು ಬಂತು. ಆ ಒಲೆಗೆ ಹೊಗೆಯೇ ಇಲ್ಲ, ಇಡೀ ಕಣಿವೆಯಲ್ಲಿ ಅಂಥ ಒಲೆ ಇಲ್ಲ ಎಂದು ನಾನೇ ಎಲ್ಲರಿಗೂ ಹೇಳುತ್ತಿದ್ದೆ.

ಗಿಡದ ಸುದ್ದಿ ಮೊದಲು. ಉದುರಿದ ಎಲೆಯನ್ನೆಲ್ಲ ಬಳಿದು ಸುಟ್ಟೆ. ಪೀಪಾಯಿ ಸರಿಸಿದೆ, ಸೊಂಟ ಹಿಡಿಯಿತು, ಎರಡು ದಿನ ನಾನೂ ನಿನ್ನ ಹಾಗೆಯೇ ಕಾಲು ಮೇಲೆ ಮಾಡಿ ಮಲಗಿದ್ದೆ. ನೀನು ಅದನ್ನು ಅಷ್ಟು ತಿಂಗಳು ಹೇಗೆ ಮಾಡಿದೆಯೋ ನನಗೆ ತಿಳಿಯದು. ಬುಡದಿಂದ ಕೆಂಪು ಚಿಗುರು ಮೂರು ಎದ್ದಿವೆ, ಬೆರಳು ಗಾತ್ರ. ಚಿಗುರಿನ ಎಲೆ ಒಂದನ್ನು ಇಟ್ಟಿದ್ದೇನೆ. ಎಣಿಸಿಕೋ. ಚುಕ್ಕೆಯಿಲ್ಲ, ಬೂದಿಯಿಲ್ಲ, ಹೇನು ಒಂದಿತ್ತು, ನಿನ್ನ ನೆಂಟನ ತಮ್ಮನಿರಬಹುದು ಎಂದು ಬಿಟ್ಟಿದ್ದೇನೆ. ಈ ಚಿಗುರುಗಳೇ ಬರುವ ವರ್ಷ ಹೂ ಕೊಡುವ ಹಳೆಯ ಕೊಂಬೆಗಳಾಗುತ್ತವೆ. ತ್ರಿಫೊನ್ ಹಬ್ಬದಂದು ನನ್ನ ಕತ್ತರಿಯನ್ನು ಗೆಂಚೊನ ಮನೆಯಲ್ಲಿ ಒತ್ತೆ ಇಟ್ಟು ತೋಟಕ್ಕೆ ಹೋಗುತ್ತೇನೆ.

ಇನ್ನು ಗೆಂಚೊ. ಅವನು ಮೊದಲು "ಹೋಗ್ಲಿ ಬಿಡೋ, ಮರೆತುಬಿಡೋಣ" ಅಂದ. "ಲಾಲ್ಯೊ ಸೋತು ದುಡ್ಡು ಕೊಡ್ಲಿಲ್ಲ ಅಂತ ಊರು ಆಡ್ಕೋಬೇಕಾ?" ಎಂದು ನಾನೇ ಅವನ ಮೇಜಿನ ಮೇಲೆ ಎಸೆದು ಬಂದೆ. ಬಾಗಿಲವರೆಗೆ ಹೋಗಿ ತಿರುಗಿ ನೋಡಿದೆ, ಅವನು ಇನ್ನೊಮ್ಮೆ ಬೇಡ ಅನ್ನುತ್ತಾನೇನೋ ಎಂದು. ಅನ್ನಲಿಲ್ಲ. ಆ ದುಡ್ಡಿನಲ್ಲಿ ಹಲ್ಲು ಕಟ್ಟಿಸಿಕೊಳ್ಳುತ್ತಾನಂತೆ. ಇನ್ನು ಅವನು ನಕ್ಕಾಗಲೆಲ್ಲ ನನ್ನ ಮೋಟಾರ್ ಸೈಕಲ್ಲು ನನಗೇ ಕಾಣಬೇಕು, ತೊಟ್ಟಿಯ ಸಮೇತ.

ಹಾಗಾಗಿ ನಿನ್ನನ್ನು ಕರೆತರಲು ಭಟ್ಟಿಯ ವ್ಯಾನು ಬರುತ್ತದೆ. ಗೆಂಚೊ ಓಡಿಸುತ್ತಾನೆ, ನಾನು ಪಕ್ಕದಲ್ಲಿ. ನೀವಿಬ್ಬರೂ ನಡುವೆ ಕೂರಬಹುದು. ನೋಡು, ಇಬ್ಬರೂ ಎಂದು ಬರೆದೇಬಿಟ್ಟೆ. ಅಳಿಸುವುದಿಲ್ಲ.

ನೀನು ಕೇಳಿದ್ದನ್ನು ಕೆಳಗೆ ಬರೆದಿದ್ದೇನೆ. ಸ್ಟೊಯಿಲ್‌ಗೆ ಹೇಳಬೇಡ. ವೆಲಿಚ್ಕಾಗೆ ಬೇಕಾದರೆ ಹೇಳು, ಅವಳು ಹೇಗೂ ಹಣೆ ಚಚ್ಚಿಕೊಳ್ಳುತ್ತಾಳೆ.

ಇಂತಿ,
ನಿನ್ನ ಲಾಲ್ಯೊ ಮಾವ

ತಾ.ಕ.: ಆರುನೂರ ನಲವತ್ತು ಲೆವ.